ಮೂರು ಅಂಕ ಕೊಟ್ಟವರು

ನಾನು ನಡೆಸಿದ ಕಥಾಸ್ಪರ್ಧೆಯ ಬಹುಮಾನಕ್ಕೆಂದು ಎತ್ತಿಟ್ಟಿದ್ದ ಹಣ ಎಷ್ಟು ಅಲ್ಪವೆಂದರೆ, ಪ್ರಕಟಣೆಯಲ್ಲಿ ಮೊತ್ತ ಬರೆಯಲು ಕೈ ಹಿಂಜರಿಯಿತು. ‘ಆಕರ್ಷಕ ಬಹುಮಾನ’ ಎಂದು ತೇಲಿಸಿಬಿಡಬಹುದಿತ್ತು. ಪ್ರವೇಶ ಶುಲ್ಕ ಇಟ್ಟು ಮೊತ್ತ ಹಿಗ್ಗಿಸು ಎಂದು ಗೆಳೆಯನೊಬ್ಬ ಸಲಹೆ ಕೊಟ್ಟ. ಸೋತವರ ದುಡ್ಡಿನಲ್ಲಿ ಗೆದ್ದವರಿಗೆ ಸನ್ಮಾನ ಮಾಡುವುದು ನನಗೆ ಒಗ್ಗಲಿಲ್ಲ. ಇದ್ದ ಮೊತ್ತವನ್ನೇ ಅಂಕಿಯಲ್ಲಿ ಹಾಕಿ, ಐದು ಬಹುಮಾನಗಳ ಆಸೆಯನ್ನು ಎರಡಕ್ಕೆ ಇಳಿಸಿದೆ. ಮೂವರು ತೀರ್ಪುಗಾರರಿಗೆ ಕೊಡಲು ಕಾಸಿರಲಿಲ್ಲ. ಬಿಟ್ಟಿಯಾಗಿ ಓದಿಸುವಾಗ ದಾಕ್ಷಿಣ್ಯವಾದರೂ ಇರಬೇಕಲ್ಲ, ಕಥೆಗೆ 500 ಪದಗಳ ಮಿತಿ ಹಾಕಿದೆ.

ಕೊನೆಯ ದಿನ ಸಂಜೆಯವರೆಗೆ ಬಂದದ್ದು 19 ಕಥೆ. ಮಧ್ಯರಾತ್ರಿ ಗಡುವು ಮುಗಿಯುವಾಗ 64! ಕೆಲವು ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿದ್ದವು. ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಪರಿವರ್ತಕಕ್ಕೆ ಹಾಕಿದರೆ ಅರ್ಕಾವೊತ್ತುಗಳು ದಿಕ್ಕಾಪಾಲಾಗಿದ್ದವು. ಒಂದೊಂದನ್ನೇ ಹಿಡಿದು ತಂದು ಸ್ವಸ್ಥಾನದಲ್ಲಿ ಕೂರಿಸಿದೆ. ಚೆನ್ನಾಗಿದೆ ಎನಿಸಿದ ಒಂದು ಕಥೆಯ ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಹುಡುಕಿದರೆ, ಅದು ಬೇರೆಯವರ ಹೆಸರಿನಲ್ಲಿ ಎಂದೋ ಪ್ರಕಟವಾಗಿತ್ತು.

ಹತ್ತನ್ನು ಆರಿಸಿ, ಹೆಸರು ಅಳಿಸಿ, ಬಂದ ಕ್ರಮದ ಸಂಖ್ಯೆಯನ್ನಷ್ಟೇ ಕೊಟ್ಟು ತೀರ್ಪುಗಾರರಿಗೆ ಕಳಿಸಿದೆ. ಅರ್ಧ ಗಂಟೆಯಲ್ಲೇ ತೀರ್ಪುಗಾರರೊಬ್ಬರ ಫೋನು: “ಹೆಸರು ಗುಟ್ಟು ಅಂದಿರಿ. ಫೈಲಿನ ಗುಣಲಕ್ಷಣ ತೆರೆದರೆ ಲೇಖಕರ ಹೆಸರು ಸೊಗಸಾಗಿ ಕೂತಿದೆಯಲ್ಲ?” ವರ್ಡ್ ಫೈಲು ತನ್ನೊಳಗೆ ಹೆಸರು ಬಚ್ಚಿಟ್ಟುಕೊಳ್ಳುತ್ತದೆ ಎಂಬುದು ನನ್ನ ತಲೆಗೇ ಹೊಳೆದಿರಲಿಲ್ಲ. ಹತ್ತನ್ನೂ ಖಾಲಿ ಫೈಲಿಗೆ ನಕಲಿಸಿ ಮತ್ತೆ ಕಳಿಸಿದೆ.

ನಿಜವಾದ ಫಜೀತಿ ಅಂಕ ಕೂಡಿಸುವ ದಿನ ಕಾದಿತ್ತು. ಮೊದಲ ಇಬ್ಬರು ಎಲ್ಲ ಕಥೆಗಳಿಗೂ ಆರರಿಂದ ಒಂಬತ್ತರೊಳಗೆ ಕೊಟ್ಟಿದ್ದರು. ಮೂರನೆಯವರು ಒಂದರಿಂದ ಹತ್ತರವರೆಗೆ ಧಾರಾಳವಾಗಿ ಓಡಾಡಿದ್ದರು. 27ನೆಯ ಕಥೆಗೆ ಮೊದಲಿಬ್ಬರೂ ತಮ್ಮ ಅತಿ ಹೆಚ್ಚಿನ ಅಂಕವನ್ನೇ ಕೊಟ್ಟಿದ್ದರು: ಒಂಬತ್ತು, ಎಂಟು. ಮೂರನೆಯವರದು ಮೂರು. ಕಥೆ ಆರನೆಯ ಸ್ಥಾನಕ್ಕೆ ಜಾರಿತು. ಅಂದರೆ ಫಲಿತಾಂಶ ಬರೆದದ್ದು ಮೂವರಲ್ಲ, ಅಂಕವನ್ನು ಹೆಚ್ಚು ಎಳೆದಾಡಿದ ಒಬ್ಬರೇ. ಪ್ರತಿಯೊಬ್ಬರ ಅಂಕವನ್ನು ಒಂದು, ಎರಡು, ಮೂರು ಎಂಬ ಸ್ಥಾನಗಳಿಗೆ ಬದಲಿಸಿ ಕೂಡಿಸಿ ನೋಡಿದೆ. 27 ಎರಡನೆಯದಾಗಿ ಬಂತು. ಎರಡನೆಯದಕ್ಕೆ ಬಹುಮಾನವಿತ್ತು.

ಆದರೆ ‘ಮೂವರ ಅಂಕಗಳ ಮೊತ್ತವೇ ಅಂತಿಮ’ ಎಂದು ನಿಯಮದಲ್ಲಿ ಬರೆದವನು ನಾನೇ. ಅಂಕ ನೋಡಿದ ಮೇಲೆ ಲೆಕ್ಕದ ದಾರಿ ಬದಲಿಸಿದರೆ, ಎಷ್ಟು ಸದುದ್ದೇಶವಿದ್ದರೂ ಅದು ಕೈಚಳಕವೇ. ಮೊತ್ತದಂತೆಯೇ ಪ್ರಕಟಿಸಿದೆ. ಆ ಫಲಿತಾಂಶ ಸರಿಯಿರಲಿಲ್ಲ ಎಂದೇ ಇವತ್ತಿಗೂ ನನ್ನ ಅನಿಸಿಕೆ.

ಗೆದ್ದವರಿಬ್ಬರಿಗೂ ಅಂದೇ ಹಣ ಕಳಿಸಿದೆ. ಮರುದಿನ 27ನೆಯ ಕಥೆಯವರು ತಮ್ಮ ಅಂಕ ಕೇಳಿ ಪತ್ರ ಬರೆದರು. ಮುಚ್ಚಿಡದೆ ಮೂರನ್ನೂ ತಿಳಿಸಿದೆ. “ಮೂರು ಕೊಟ್ಟವರು ಯಾರು ಎಂದು ಕೇಳುವುದಿಲ್ಲ. ಏಕೆ ಎಂದು ಮಾತ್ರ ಕೇಳಿ ಹೇಳುತ್ತೀರಾ?” ಎಂದು ಉತ್ತರ ಬಂತು. ಅಳುಕುತ್ತಲೇ ಪ್ರಶ್ನೆಯನ್ನು ಮೂರನೆಯವರಿಗೆ ದಾಟಿಸಿದೆ. ನಾಲ್ಕು ದಿನ ಸದ್ದಿಲ್ಲ. ಐದನೆಯ ದಿನ ಅವರು ಕಳಿಸಿದ ವಿವರಣೆ ಆ ಕಥೆಗಿಂತ ಉದ್ದವಾಗಿತ್ತು.