ನೇರಳೆ ಹಳದಿಯಾದ ಮಾತ್ರಕ್ಕೆ ಕ್ಯಾಪ್ಸೂಲ್ ಪಾಸಾಗುವುದಿಲ್ಲ

ಕುಂಬಳೆ ಕಡೆಯ ಒಂದು ಸಣ್ಣ ಘಟಕದ ಗುಣಮಟ್ಟ ವಿಭಾಗದಲ್ಲಿ ನನ್ನ ಕೆಲಸ. ನೆಲ್ಲಿಕಾಯಿ ಸಾರದ ಆ್ಯಂಟಿಆಕ್ಸಿಡೆಂಟ್ ಕ್ಯಾಪ್ಸೂಲ್ ಮಾಡುವಾಗ ಎಲ್ಲರಿಗೂ ಇಷ್ಟವಾಗುವುದು ಡಿಪಿಪಿಎಚ್ ಪರೀಕ್ಷೆ. ಸಾರದ ಆ್ಯಂಟಿಆಕ್ಸಿಡೆಂಟ್ ಶಕ್ತಿ ಎಷ್ಟೆಂದು ಇದರಲ್ಲಿ ನೋಡುತ್ತೇವೆ. ಡಿಪಿಪಿಎಚ್ ಎಂಬ ರಾಸಾಯನಿಕದ ಕಡು ನೇರಳೆ ದ್ರಾವಣಕ್ಕೆ ಸಾರ ಬೆರೆಸಿ ಅರ್ಧ ಗಂಟೆ ಕತ್ತಲಲ್ಲಿಟ್ಟರೆ ಹಳದಿಗೆ ತಿರುಗುತ್ತದೆ. ಬಣ್ಣ ಎಷ್ಟು ಇಳಿಯಿತೆಂದು 517 ನ್ಯಾನೊಮೀಟರ್ ತರಂಗಾಂತರದ ಬೆಳಕಿನಲ್ಲಿ ಅಳೆಯುತ್ತೇವೆ. ಮಾರಾಟ ವಿಭಾಗದ ಹುಡುಗ ಅದನ್ನು ನೋಡಿ, "ಅಕ್ಕಾ, ಬಣ್ಣ ಹೋಯ್ತಲ್ಲ, ಇನ್ನೆಂತ ನೋಡ್ಲಿಕ್ಕುಂಟು?" ಎಂದ.

ನೋಡ್ಲಿಕ್ಕೆ ತುಂಬ ಉಂಟು. ಮೊದಲನೆಯದು ಹೊರಗಿನ ಚಿಪ್ಪು. ಆಗ ನಮ್ಮದು ಜೆಲಾಟಿನ್ ಚಿಪ್ಪು. ಜೆಲಾಟಿನ್ ಎಂದರೆ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಪ್ರೋಟೀನ್. ನೆಲ್ಲಿಯ ಒಗರು ಟ್ಯಾನಿನ್‌ನದು. ತೊಗಟೆಯ ಟ್ಯಾನಿನ್‌ನಿಂದ ಚರ್ಮ ಹದವಾಗುವುದು ಹೇಗೋ, ಇಲ್ಲಿ ಚಿಪ್ಪಿನ ಒಳಮೈ ಹಾಗೇ ಬಿಗಿಯಾಗುತ್ತದೆ. ಹೊಸ ಕ್ಯಾಪ್ಸೂಲ್ 37 ಡಿಗ್ರಿ ನೀರಿನಲ್ಲಿ ಬೇಗ ಬಿಚ್ಚಿಕೊಂಡಿತು. 40 ಡಿಗ್ರಿ, ಶೇ. 75 ತೇವಾಂಶದ ಚೇಂಬರಿನಲ್ಲಿ ಬೇಗ ಹಳತಾಗಲೆಂದು ಇಟ್ಟು ತೆಗೆದದ್ದು ಮಾತ್ರ ಬಿಚ್ಚಿಕೊಳ್ಳಲು ಇರುವ 30 ನಿಮಿಷದ ಮಿತಿ ದಾಟಿದರೂ ತೆಳು ಪೊರೆಯೊಳಗೆ ಪುಡಿಯನ್ನು ಹಿಡಿದುಕೊಂಡೇ ಇತ್ತು. ಅದೇ ಪುಡಿಯನ್ನು ಕೈಯಲ್ಲಿ ಬಿಡಿಸಿ ಡಿಪಿಪಿಎಚ್‌ಗೆ ಹಾಕಿದರೆ ಬಣ್ಣ ಚೆನ್ನಾಗಿಯೇ ಇಳಿಯಿತು!

ಇನ್ನೊಂದು ತೇವದ ಕಾಟ. ಜೆಲಾಟಿನ್ ಚಿಪ್ಪಿನಲ್ಲಿ ಶೇ. 13ರಿಂದ 16ರಷ್ಟು ನೀರಿನಂಶ ಇರುತ್ತದೆ. ಒಣ ನೆಲ್ಲಿಪುಡಿ ಅದನ್ನು ಎಳೆದುಕೊಂಡರೆ ಚಿಪ್ಪು ಪಟಕ್ಕನೆ ಒಡೆಯುತ್ತದೆ. ಆಟಿಯ ಮಳೆಯಲ್ಲಿ ತುಂಬುವ ಕೋಣೆಯ ಬಾಗಿಲು ತೆರೆದಿಟ್ಟರೆ ಪುಡಿಯೇ ಗಂಟುಕಟ್ಟುತ್ತದೆ. ಸೆಲ್ಯುಲೋಸ್‌ನಿಂದ ಮಾಡಿದ ಎಚ್‌ಪಿಎಂಸಿ ಚಿಪ್ಪಿನಲ್ಲಿ ನೀರಿನಂಶ ಶೇ. 3ರಿಂದ 7 ಅಷ್ಟೆ, ಅದು ಪ್ರೋಟೀನೂ ಅಲ್ಲ, ಹಾಗಾಗಿ ಟ್ಯಾನಿನ್ ತಾಗಿ ಬಿಗಿಯಾಗುವ ಕಾಟವಿಲ್ಲ. ದರ ಜಾಸ್ತಿ ಎಂದು ಮೇಲಿನವರು ಎಳೆದಾಡಿದರು. ಬಿಚ್ಚಿಕೊಳ್ಳದ ಕ್ಯಾಪ್ಸೂಲಿಗೆ ಜನ ಯಾಕೆ ದುಡ್ಡು ಕೊಡಬೇಕೆಂದು ನಾನು ಪಟ್ಟು ಹಿಡಿದೆ. ಈಗ ಈ ಉತ್ಪನ್ನಕ್ಕೆ ಎಚ್‌ಪಿಎಂಸಿಯೇ.

ಲೇಬಲ್ ವಿಷಯದಲ್ಲೂ ನನ್ನದು ಅದೇ ಹಟ. ಗಾಜಿನ ಕೊಳವೆಯಲ್ಲಿ ಆದದ್ದು ದೇಹದಲ್ಲೂ ಆಗುತ್ತದೆಂದು ಬರೆಯುವಂತಿಲ್ಲ. ಫಿನ್ಲೆಂಡಿನಲ್ಲಿ 29,000ಕ್ಕೂ ಹೆಚ್ಚು ಧೂಮಪಾನಿ ಗಂಡಸರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೀಟಾ ಕ್ಯಾರೊಟಿನ್ ಎಂಬ ಆ್ಯಂಟಿಆಕ್ಸಿಡೆಂಟ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚೇ ಕಂಡಿತು. ಆ ಹುಡುಗನಿಗೆ ಇದನ್ನು ಕೂರಿಸಿ ಹೇಳಿದೆ. ಅವನು ತಂದ ಕರಡಿನಲ್ಲಿದ್ದ "ಕ್ಯಾನ್ಸರ್ ತಡೆಯುತ್ತದೆ" ಎಂಬ ಸಾಲು ಹೋಯಿತು. "ಔಷಧೀಯ ಬಳಕೆಗೆ ಅಲ್ಲ" ಎಂಬ ಕಡ್ಡಾಯ ಸಾಲನ್ನು ಕಣ್ಣಿಗೆ ಕಾಣುವಷ್ಟು ದೊಡ್ಡದು ಮಾಡಿಸಿದೆ.