ಡ್ರೈವರ್ ತೊಡೆ ಮೇಲೆ ಫೋನು

ಇವತ್ತು ಶಿರಾದಿಂದ ತುಮಕೂರಿಗೆ ಬರೋ ಪ್ರೈವೇಟ್ ಬಸ್ಸಲ್ಲಿ ಡ್ರೈವರ್ ಹಿಂದಿನ ಸೀಟು ಸಿಕ್ತು. ಸೀಬಿ ದಾಟಿದ್ವಿ. ಬಲಗೈ ಸ್ಟೇರಿಂಗ್ ಮೇಲೆ, ತೊಡೆ ಮೇಲೆ ಫೋನು. ಎಡಗೈ ಹೆಬ್ಬೆರಳು ತಳ್ತಾನೇ ಇತ್ತು, ಒಂದಾದ ಮೇಲೊಂದು ರೀಲ್ಸ್. ಮುಂದೆ ಕಬ್ಬಿಣದ ಲಾರಿ. ಸರಳುಗಳು ಹಿಂದಕ್ಕೆ ಚಾಚ್ಕೊಂಡಿವೆ, ತುದಿಗೊಂದು ಕೆಂಪು ಬಟ್ಟೆ.

ಪಕ್ಕದ ಅಜ್ಜಿ ತಡೀಲಿಲ್ಲ. "ಮಗಾ, ಅದನ್ನ ಆಮೇಲ್ ನೋಡ್ಕಳಪ್ಪ, ರಸ್ತೆ ನೋಡು."

ಫೋನು ಪಕ್ಕಕ್ಕೆ ಹೋಯ್ತು. ಕೋರಾ ಬರೋ ಹೊತ್ತಿಗೆ ಮತ್ತೆ ತೊಡೆ ಮೇಲೆ.

80 ಕಿ.ಮೀ. ಸ್ಪೀಡಲ್ಲಿ ಬಸ್ಸು ಸೆಕೆಂಡಿಗೆ 22 ಮೀಟರ್ ಹೋಗುತ್ತೆ. 5 ಸೆಕೆಂಡ್ ಕೆಳಗೆ ನೋಡಿದ್ರೆ 110 ಮೀಟರ್ ಕಣ್ಣು ಮುಚ್ಕೊಂಡು ಓಡಿಸಿದ ಹಾಗೆ.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸಲ್ಲಿ 2019ರ ಡಿಸೆಂಬರಿಂದ ಇದಕ್ಕಂತಲೇ ಕ್ಯಾಮೆರಾ ಇವೆ. ಮೇಲಿಂದ ಗಾಜಿನೊಳಗೆ ಫೋಟೊ ತೆಗೆಯುತ್ತೆ, ಅನುಮಾನ ಬಂದದ್ದನ್ನ ಕಂಪ್ಯೂಟರ್ ಆರಿಸುತ್ತೆ, ಮನುಷ್ಯರು ನೋಡಿದ ಮೇಲೇ ದಂಡ. ನಮ್ಮಲ್ಲೂ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಫೋನ್ ಹಿಡಿದು ಓಡಿಸೋದು ಅಪಾಯಕಾರಿ ಚಾಲನೆ ಅಂತಲೇ ಇದೆ. ಕ್ಯಾಮೆರಾ ನೋಡಿ ಚಲನ್ ಕಳಿಸೋಕೆ 2021ರಲ್ಲಿ ನಿಯಮವೂ ಬಂತು.

ಖಾಸಗಿತನ ಏನಾಯ್ತು ಅಂತ ಕೇಳ್ತಾರೆ ಕೆಲವರು. ಸರಿಯಾದ ಪ್ರಶ್ನೆ. ತಪ್ಪು ಮಾಡದವರ ಫೋಟೊ ಅಳಿಸಲೇಬೇಕು. ಆದರೆ ಬಸ್ ತುಂಬ ಜನ ಕೂತಿರುವಾಗ ಡ್ರೈವರ್ ಸೀಟು ಖಾಸಗಿ ಜಾಗ ಅಲ್ವೇ ಅಲ್ಲ. ಮೊದಲು ಬಸ್ಸು, ಸ್ಕೂಲ್ ವ್ಯಾನುಗಳ ಒಳಗೇ ಕ್ಯಾಮೆರಾ ಹಾಕ್ಲಿ. ದಂಡ ಡ್ರೈವರಿಗಷ್ಟೇ ಅಲ್ಲ, ಗಾಡಿ ಓಡ್ತಿರುವಾಗಲೇ ಫೋನ್ ಮಾಡಿ "ಎಲ್ಲಿದೀಯಾ, ಎಷ್ಟು ಜನ ಹತ್ತಿದ್ರು" ಅಂತ ಕೇಳೋ ಮಾಲೀಕರಿಗೂ ಬೀಳ್ಲಿ.