ಮತಚೀಟಿಯಲ್ಲಿ ಇಲ್ಲದಿದ್ದ ಪ್ರಶ್ನೆ

2019ರ ಜನವರಿ 15ರ ರಾತ್ರಿ, ಸಂಕ್ರಮಣದ ಪೂಜೆ, ಊಟಗಳೆಲ್ಲ ಮುಗಿದ ಮೇಲೆ, ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ನಮ್ಮ ಮನೆಯ ಜಗಲಿಯಲ್ಲಿ ಚಿಕ್ಕಪ್ಪ ಮತ್ತು ನಾನು ಮೊಬೈಲಿನ ಸಣ್ಣ ಪರದೆಯಲ್ಲಿ ಬ್ರಿಟಿಷ್ ಸಂಸತ್ತಿನ ಕಲಾಪವನ್ನು ನೋಡುತ್ತ ಕುಳಿತಿದ್ದೆವು. ಲಂಡನ್ನಿನಲ್ಲಿ ಆಗ ಸಂಜೆ ಏಳೂವರೆ. ನಮ್ಮಲ್ಲಿ ರಾತ್ರಿ ಒಂದು ಗಂಟೆ ದಾಟಿತ್ತು. ಐರೋಪ್ಯ ಒಕ್ಕೂಟವನ್ನು ಬಿಟ್ಟು ಹೊರಡುವುದಕ್ಕಾಗಿ ಪ್ರಧಾನಿ ತೆರೇಸಾ ಮೇ ಮಾಡಿಕೊಂಡು ಬಂದಿದ್ದ ಒಪ್ಪಂದಕ್ಕೆ 202 ಮತಗಳು ಪರವಾಗಿಯೂ 432 ಮತಗಳು ವಿರುದ್ಧವಾಗಿಯೂ ಬಿದ್ದವು. ಆಧುನಿಕ ಕಾಲದಲ್ಲಿ ಯಾವ ಬ್ರಿಟಿಷ್ ಸರಕಾರವೂ ಕೆಳಮನೆಯಲ್ಲಿ ಅಷ್ಟು ದೊಡ್ಡ ಅಂತರದಿಂದ ಸೋತಿರಲಿಲ್ಲ. ಚಿಕ್ಕಪ್ಪ ಎಲೆಯಡಿಕೆಯ ತಟ್ಟೆಯನ್ನು ಬದಿಗೆ ಸರಿಸಿ, "ಜನ ಹೊರಡು ಎಂದು ಹೇಳಿ ಆಗಿದೆ, ಇವರು ಹೊರಡಲಿಕ್ಕೆ ಬಿಡುವುದಿಲ್ಲ. ನಮ್ಮ ಮಹಾಜನ ವರದಿಯ ಕತೆಯೇ ಮಾರಾಯ" ಎಂದರು.

ಚಿಕ್ಕಪ್ಪ ತಮ್ಮ ಯೌವನದಲ್ಲಿ ಕಾಸರಗೋಡು ಕನ್ನಡನಾಡಿಗೆ ಸೇರಬೇಕೆಂದು ಮೆರವಣಿಗೆಗಳಲ್ಲಿ ನಡೆದವರು, ಕಯ್ಯಾರ ಕಿಞ್ಞಣ್ಣ ರೈಗಳ ಭಾಷಣಗಳನ್ನು ನಿಂತು ಕೇಳಿದವರು. ಆದ್ದರಿಂದ ಅವರ ಮಾತಿಗೆ ಎದುರಾಡುವುದು ನಮ್ಮ ಮನೆಯಲ್ಲಿ ರೂಢಿಯಿಲ್ಲ. ಆದರೂ ಆ ಹೋಲಿಕೆ ನನಗೆ ಅಂದೇ ಸರಿಕಾಣಲಿಲ್ಲ. ಕಾಸರಗೋಡಿನ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕೆಂದ ಮಹಾಜನ ವರದಿಯ ವಿಷಯದಲ್ಲಿ ಮಾಡಬೇಕಾದ್ದು ಏನೆಂದು ಎಲ್ಲರಿಗೂ ಗೊತ್ತಿತ್ತು, ಅದನ್ನು ಮಾಡಲಿಲ್ಲ. ಬ್ರಿಟನ್ನಿನಲ್ಲಿ ಮಾಡಲು ಹೊರಟವರು ಬೇಕಾದಷ್ಟು ಜನರಿದ್ದರು, ಆದರೆ ಮಾಡಬೇಕಾದ್ದು ಏನೆಂಬುದೇ ನಿಶ್ಚಯವಾಗಿರಲಿಲ್ಲ.

2016ರ ಜೂನ್ 23ರ ಜನಮತಗಣನೆಯ ಚೀಟಿಯಲ್ಲಿದ್ದದ್ದು ಒಂದೇ ಪ್ರಶ್ನೆ: ಬ್ರಿಟನ್ ಒಕ್ಕೂಟದ ಸದಸ್ಯನಾಗಿ ಉಳಿಯಬೇಕೇ, ಅದನ್ನು ಬಿಡಬೇಕೇ? ಬಿಡಬೇಕೆಂದವರು 1,74,10,742 ಮಂದಿ, ಅಂದರೆ ಶೇ. 51.9, ಉಳಿಯಬೇಕೆಂದವರು 1,61,41,241 ಮಂದಿ, ಶೇ. 48.1. ಮತದಾನವಾದದ್ದು ಶೇ. 72.2. ಇಂಗ್ಲೆಂಡ್ ಮತ್ತು ವೇಲ್ಸ್ ಬಿಡುವ ಕಡೆಗೆ ವಾಲಿದವು, ಸ್ಕಾಟ್ಲೆಂಡಿನಲ್ಲಿ ಶೇ. 62, ಉತ್ತರ ಐರ್ಲೆಂಡಿನಲ್ಲಿ ಶೇ. 55.8 ಮಂದಿ ಉಳಿಯುವ ಪರವಾಗಿದ್ದರು. ತನ್ನ ಪಕ್ಷದೊಳಗಿನ ದಶಕಗಳ ಕಿತ್ತಾಟಕ್ಕೆ ಇದರಿಂದ ತೆರೆ ಬೀಳುತ್ತದೆ ಎಂದು ನಂಬಿ 2013ರ ಜನವರಿಯಲ್ಲಿ ಜನಮತಗಣನೆಯ ಮಾತು ಕೊಟ್ಟಿದ್ದ ಪ್ರಧಾನಿ ಡೇವಿಡ್ ಕ್ಯಾಮರಾನ್ ಫಲಿತಾಂಶ ಬಂದ ಬೆಳಗ್ಗೆಯೇ ರಾಜೀನಾಮೆ ಘೋಷಿಸಿದರು. ಮನೆಯ ಜಗಳವನ್ನು ಪಂಚಾಯಿತಿಕಟ್ಟೆಗೆ ಒಯ್ದವನೇ ತೀರ್ಪು ಬಂದ ದಿನ ಊರು ಬಿಟ್ಟಂತಾಯಿತು.

ಈ ಎಲ್ಲ ತೊಡಕಿನ ಬೇರು ಪಕ್ಷಗಳ ಹಟಮಾರಿತನದಲ್ಲಿ ಇದ್ದದ್ದಕ್ಕಿಂತ ಹೆಚ್ಚಾಗಿ ಆ ಚೀಟಿಯಲ್ಲೇ ಇತ್ತು ಎಂಬುದು ನನ್ನ ಅಭಿಪ್ರಾಯ. ಅದೇ ಬ್ರಿಟನ್ 2011ರಲ್ಲಿ ಚುನಾವಣಾ ಪದ್ಧತಿಯನ್ನು ಬದಲಿಸಬೇಕೇ ಎಂದು ಇನ್ನೊಂದು ಜನಮತಗಣನೆ ನಡೆಸಿತ್ತು. ಉತ್ತರ 'ಹೌದು' ಎಂದು ಬಂದರೆ ಜಾರಿಗೆ ಬರಬೇಕಾದ ಹೊಸ ಪದ್ಧತಿ ಹೇಗಿರಬೇಕು ಎಂಬುದನ್ನು ಆಗ ಶಾಸನದಲ್ಲಿಯೇ ವಿವರವಾಗಿ ಬರೆದಿಟ್ಟಿದ್ದರು. ಜನ 'ಬೇಡ' ಎಂದರು, ಆ ಪುಟಗಳು ಉಪಯೋಗಕ್ಕೆ ಬರಲಿಲ್ಲ, ಅದು ಬೇರೆ ಮಾತು. ಆದರೆ ಐರೋಪ್ಯ ಒಕ್ಕೂಟದ ಕುರಿತಾದ 2015ರ ಕಾಯಿದೆಯಲ್ಲಿ ಜನ 'ಬಿಡಿ' ಎಂದರೆ ಮುಂದೇನು ಎಂಬುದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಕಾನೂನಿನ ದೃಷ್ಟಿಯಲ್ಲಿ ಆ ಮತ ಸಲಹೆ ಮಾತ್ರ. ರಾಜಕೀಯದಲ್ಲಿ ಅದು ಆಜ್ಞೆಯಾಯಿತು, ಮತ್ತು ಆಜ್ಞೆಯ ಅರ್ಥ ಹೇಳುವ ಅಧಿಕಾರ ತನ್ನದೇ ಎಂದು ಪ್ರತಿಯೊಂದು ಬಣವೂ ಹೇಳಿಕೊಂಡಿತು.

ಒಕ್ಕೂಟವನ್ನು ಬಿಡುವುದರಲ್ಲಿಯೂ ಹಲವು ಬಗೆಗಳಿವೆ. ನಾರ್ವೆಯಂತೆ ಸದಸ್ಯನಾಗದೆಯೂ, ಸರಕು ಸೇವೆಗಳು ತಡೆಯಿಲ್ಲದೆ ಓಡಾಡುವ ಏಕ ಮಾರುಕಟ್ಟೆಯಲ್ಲಿ ಉಳಿಯಬಹುದು; ಆಗ ಜನರ ಮುಕ್ತ ಓಡಾಟವನ್ನು ಒಪ್ಪಬೇಕು. ಹೊರಗಿನ ಸರಕಿಗೆ ಎಲ್ಲರೂ ಒಂದೇ ಸುಂಕ ಹಾಕುವ ಸುಂಕ ಒಕ್ಕೂಟದಲ್ಲಿ ಮಾತ್ರ ಉಳಿಯಬಹುದು. ಆಗ ಬೇರೆ ದೇಶಗಳೊಡನೆ ಸುಂಕದ ಬಗ್ಗೆ ಸ್ವತಂತ್ರವಾಗಿ ಒಪ್ಪಂದ ಮಾಡಿಕೊಳ್ಳುವ ಹಾಗಿಲ್ಲ. ಕೆನಡಾದಂತೆ ದೂರ ನಿಂತು ವ್ಯಾಪಾರ ಒಪ್ಪಂದ ಮಾಡಿಕೊಳ್ಳಬಹುದು. ಯಾವ ಒಪ್ಪಂದವೂ ಇಲ್ಲದೆ ಬಾಗಿಲು ಎಳೆದುಕೊಂಡು ಹೋಗಬಹುದು. ಒಂದೂಮುಕ್ಕಾಲು ಕೋಟಿಯಷ್ಟು ಮಂದಿ ಇವುಗಳಲ್ಲಿ ಯಾವುದಕ್ಕೆ ಮತ ಹಾಕಿದ್ದರು? ಅದನ್ನು ಯಾರೂ ಕೇಳಿರಲಿಲ್ಲ. "ಬ್ರೆಕ್ಸಿಟ್ ಎಂದರೆ ಬ್ರೆಕ್ಸಿಟ್" ಎಂದು, ಈ ನಿರ್ಗಮನಕ್ಕೆ ಬಿದ್ದ ಹೆಸರನ್ನೇ ಹಿಡಿದು, ಕ್ಯಾಮರಾನ್ ನಂತರ ಪ್ರಧಾನಿಯಾದ ಮೇ ಅವರು ಹೇಳುತ್ತ ಬಂದಾಗ ನಮ್ಮ ಚಿಕ್ಕಪ್ಪ, "ಅವಲಕ್ಕಿ ಎಂದರೆ ಅವಲಕ್ಕಿಯೇ ಸರಿ, ಮೊಸರಿಗೋ ಬೆಲ್ಲಕ್ಕೋ ಹೇಳಬೇಡವಾ?" ಎಂದಿದ್ದರು.

ಮೇ ಸ್ವತಃ 'ಉಳಿಯಬೇಕು' ಎಂದು ಮತ ಹಾಕಿದವರು ಎಂಬುದನ್ನು ಇಲ್ಲಿ ನೆನಪಿಡಬೇಕು. ಸೋತ ಕಡೆಯವರು ಗೆದ್ದ ಕಡೆಯ ಕೆಲಸವನ್ನು ಮಾಡಿಕೊಡಬೇಕಾಗಿ ಬಂದಾಗ, ನಿಷ್ಠೆಯನ್ನು ಸಾಬೀತುಪಡಿಸಲು ಅವರು ಗೆದ್ದವರಿಗಿಂತಲೂ ಗಟ್ಟಿಯಾಗಿ ಕೂಗಬೇಕಾಗುತ್ತದೆ. ಸಂಸತ್ತಿನ ಅನುಮತಿಯಿಲ್ಲದೆಯೇ ನಿರ್ಗಮನದ ನೋಟಿಸು ಕೊಡಲು ಅವರ ಸರಕಾರ ಹೊರಟಿತ್ತು. ಅದು ಸಲ್ಲದೆಂದು 2017ರ ಜನವರಿಯಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ಎಂಟು–ಮೂರರ ಬಹುಮತದಲ್ಲಿ ತೀರ್ಪಿತ್ತಿತು. ಸಂಸತ್ತು ಅನುಮತಿ ಕೊಟ್ಟ ಮೇಲೆ ಮಾರ್ಚ್ 29ರಂದು ನೋಟಿಸು ಹೋಯಿತು, ಎರಡು ವರ್ಷಗಳ ಗಡುವು ಓಡತೊಡಗಿತು. ಎಲ್ಲಿಗೆ ಹೋಗುವುದೆಂದು ಮನೆಯವರೊಳಗೆ ತೀರ್ಮಾನವಾಗುವ ಮುನ್ನವೇ ಬಸ್ಸು ಹತ್ತಿದ ಹಾಗೆ. ಆ ಬಳಿಕ ಹೆಚ್ಚಿನ ಬಹುಮತದ ಆಸೆಯಿಂದ ಮೇ ಅವರು ಜೂನಿನಲ್ಲಿ ಚುನಾವಣೆ ನಡೆಸಿ, ಇದ್ದ ಬಹುಮತವನ್ನೂ ಕಳೆದುಕೊಂಡು, ಉತ್ತರ ಐರ್ಲೆಂಡಿನ ಡೆಮಾಕ್ರಟಿಕ್ ಯೂನಿಯನಿಸ್ಟ್ ಪಕ್ಷದ ಹತ್ತು ಸದಸ್ಯರ ಬೆಂಬಲದ ಮೇಲೆ ನಿಲ್ಲಬೇಕಾಯಿತು. ಆ ಪ್ರಾಂತದ ಬಹುಸಂಖ್ಯಾತರು ಉಳಿಯಬೇಕೆಂದಿದ್ದರೆ, ಈ ಪಕ್ಷ ಬಿಡಬೇಕೆಂದು ಪ್ರಚಾರ ಮಾಡಿದ್ದ ಪಕ್ಷವಾಗಿತ್ತು.

2018ರ ಜುಲೈಯಲ್ಲಿ ಚೆಕರ್ಸ್ ಎಂಬ ಪ್ರಧಾನಿಯ ಹಳ್ಳಿಮನೆಯಲ್ಲಿ ಸಂಪುಟವನ್ನು ಕೂಡಿಸಿ ಮೇ ಒಂದು ಮಧ್ಯಮಾರ್ಗವನ್ನು ಒಪ್ಪಿಸಿದರು. ಕೆಲವೇ ದಿನಗಳಲ್ಲಿ ಬ್ರೆಕ್ಸಿಟ್ ಸಚಿವ ಡೇವಿಡ್ ಡೇವಿಸ್, ಅವರ ಬೆನ್ನಿಗೇ ವಿದೇಶಾಂಗ ಸಚಿವ ಬೋರಿಸ್ ಜಾನ್ಸನ್ ರಾಜೀನಾಮೆ ಕೊಟ್ಟರು. ನವೆಂಬರಿನಲ್ಲಿ ಒಪ್ಪಂದ ಸಿದ್ಧವಾದಾಗ ಡೇವಿಸರ ಸ್ಥಾನಕ್ಕೆ ಬಂದಿದ್ದ ಡೊಮಿನಿಕ್ ರಾಬ್, ತಮ್ಮದೇ ಇಲಾಖೆಗೆ ಸೇರಿದ ಆ ಒಪ್ಪಂದವನ್ನು ಒಪ್ಪಲಾರೆನೆಂದು ಹೊರನಡೆದರು. ಡಿಸೆಂಬರಿನಲ್ಲಿ ಸ್ವಪಕ್ಷೀಯರೇ ಅವಿಶ್ವಾಸ ತಂದರು. 200–117ರಲ್ಲಿ ಮೇ ಉಳಿದುಕೊಂಡರು. ಜನವರಿಯ ಆ ರಾತ್ರಿ ಅವರ ವಿರುದ್ಧ ಮತ ಹಾಕಿದವರಲ್ಲಿ 118 ಮಂದಿ ಅವರದೇ ಕನ್ಸರ್ವೇಟಿವ್ ಪಕ್ಷದವರು. ಅಲ್ಲಿ ಮತ ಹಾಕುವುದೆಂದರೆ ಎದ್ದು ಪರದ ಅಥವಾ ವಿರೋಧದ ಪಡಸಾಲೆಯನ್ನು ಹಾದು ನಡೆಯುವುದು. ಒಕ್ಕೂಟದ ಜೊತೆ ಎಳೆಯಷ್ಟು ಸಂಬಂಧವೂ ಬೇಡವೆಂದವರು ಮತ್ತು ಒಕ್ಕೂಟವನ್ನು ಬಿಡುವುದೇ ಬೇಡವೆಂದವರು ಅಂದು ಒಂದೇ ಪಡಸಾಲೆಯಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಡೆದರು.

ಒಪ್ಪಂದಕ್ಕೆ ಅಡ್ಡವಾಗಿದ್ದದ್ದು ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿಗೂ ಒಕ್ಕೂಟದ ಸದಸ್ಯನಾದ ಐರ್ಲೆಂಡಿಗೂ ನಡುವಿನ ಗಡಿ. ಉತ್ತರ ಐರ್ಲೆಂಡಿನ ದಶಕಗಳ ಹಿಂಸೆಗೆ ತೆರೆ ಎಳೆದ 1998ರ ಶಾಂತಿ ಒಪ್ಪಂದದ ಬಳಿಕ ಸುಮಾರು 500 ಕಿಲೋಮೀಟರ್ ಉದ್ದದ ಆ ಗಡಿಯಲ್ಲಿ ಜನ ಅರಿವಿಲ್ಲದೆಯೇ ದಾಟಿ ಹೋಗಿ ಬರುತ್ತಿದ್ದರು. ಬ್ರಿಟನ್ ಸುಂಕ ಒಕ್ಕೂಟದಿಂದ ಹೊರಬಿದ್ದರೆ ಅಲ್ಲಿ ತಪಾಸಣೆ ಬೇಕಾಗುತ್ತದೆ. ತಪಾಸಣೆಯ ಗೇಟು ಬಂದರೆ ಹಳೆಯ ಗಾಯ ಬಿಚ್ಚುತ್ತದೆ. ಬೇರೆ ದಾರಿ ಸಿಗುವವರೆಗೆ ಇಡೀ ಬ್ರಿಟನ್ ಒಕ್ಕೂಟದ ಸುಂಕ ವ್ಯವಸ್ಥೆಯ ಒಳಗೇ ಇರಲಿ ಎಂಬ ಮೇ ಅವರ ಏರ್ಪಾಡು ಕಡುಪಂಥದವರಿಗೆ ಉರುಳಾಗಿ ಕಂಡಿತು. 2019ರಲ್ಲಿ ಓದುವಾಗ ನನಗೆ ಗಡಿಯ ಕುರಿತಾದ ಆ ಭಯದಲ್ಲಿ ಉತ್ಪ್ರೇಕ್ಷೆ ಇದೆ ಎನಿಸಿತ್ತು. ಮರುವರ್ಷ ಮಾರ್ಚಿನಲ್ಲಿ, ಕೊರೊನಾದ ಹೆಸರಿನಲ್ಲಿ, ಕರ್ನಾಟಕವು ತಲಪಾಡಿಯ ಗಡಿಯನ್ನು ಮುಚ್ಚಿ, ಒಳದಾರಿಗಳಿಗೆ ಮಣ್ಣು ಸುರಿದಾಗ ಆ ಅಭಿಪ್ರಾಯ ಬದಲಾಯಿತು. ಹುಟ್ಟಿದಂದಿನಿಂದ ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದ ಈ ಕಡೆಯ ರೋಗಿಗಳು ದಾರಿಯಲ್ಲಿ ಸಿಕ್ಕಿಬಿದ್ದರು. ಸಂಗತಿ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಗಬೇಕಾಯಿತು. ಒಂದು ಗೆರೆ ಯಾವಾಗ ಗೋಡೆಯಾಗುತ್ತದೆಂದು ಗೆರೆಯ ಪಕ್ಕದಲ್ಲಿ ಇರುವವರಿಗಷ್ಟೇ ಗೊತ್ತಾಗುತ್ತದೆ, ವೆಸ್ಟ್‌ಮಿನ್‌ಸ್ಟರಿನಲ್ಲಿ ಕುಳಿತವರಿಗೆ ತಿಳಿಯದಿದ್ದರೆ ಆಶ್ಚರ್ಯವಿಲ್ಲ.

ವಿರೋಧ ಪಕ್ಷವಾಗಿದ್ದ ಲೇಬರ್ ಪಕ್ಷದ್ದು ಇನ್ನೊಂದು ಬಗೆಯ ಸಂಕಟ. ಅದರ ಮತದಾರರಲ್ಲಿ ಹೆಚ್ಚಿನವರು ಉಳಿಯುವ ಕಡೆ ಇದ್ದರು, ಆದರೆ ಇಂಗ್ಲೆಂಡಿನ ಉತ್ತರದ ಮತ್ತು ಮಧ್ಯಭಾಗದ ಅದರ ಹಳೆಯ ಕ್ಷೇತ್ರಗಳು ಬಿಡುವ ಕಡೆ ಇದ್ದವು. 2017ರಲ್ಲಿ ಫಲಿತಾಂಶವನ್ನು ಒಪ್ಪುತ್ತೇವೆಂದ ಪಕ್ಷ 2019ರ ಹೊತ್ತಿಗೆ ಹೊಸ ಒಪ್ಪಂದ ಮಾಡಿಕೊಂಡು ಅದನ್ನು ಮತ್ತೆ ಜನರ ಮುಂದಿಡುತ್ತೇವೆಂದಿತು. ಆ ಎರಡನೆಯ ಜನಮತಗಣನೆಯಲ್ಲಿ ತಾನು ತಟಸ್ಥನೆಂದು ನಾಯಕ ಜೆರೆಮಿ ಕಾರ್ಬಿನ್ ಹೇಳಿದರು. ಎರಡೂ ದೋಣಿಯಲ್ಲಿ ಕಾಲಿಟ್ಟವರ ಗತಿ ಅವರಿಗಾಯಿತು. ಪಕ್ಷದ ಹಿಂದಿನ ಪ್ರಧಾನಿ ಟೋನಿ ಬ್ಲೇರ್ ಪ್ರತಿನಿಧಿಸಿದ್ದ ಸೆಜ್‌ಫೀಲ್ಡ್ ಕ್ಷೇತ್ರ ಕೂಡ ಆ ಡಿಸೆಂಬರಿನ ಚುನಾವಣೆಯಲ್ಲಿ ಕೈಬಿಟ್ಟುಹೋಯಿತು.

ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿದಿರುವುದು 2019ರ ಮಾರ್ಚ್ 27 ಮತ್ತು ಏಪ್ರಿಲ್ 1. ಸರಕಾರದ ಒಪ್ಪಂದ ಎರಡು ಸಲ ಬಿದ್ದ ಮೇಲೆ, ಕೆಳಮನೆಯೇ ತನಗೇನು ಬೇಕೆಂದು ಹೇಳಲಿ ಎಂದು ಸದಸ್ಯರು ಕಲಾಪವನ್ನು ತಮ್ಮ ಕೈಗೆ ತೆಗೆದುಕೊಂಡರು. ಮೊದಲ ದಿನ ಎಂಟು ದಾರಿಗಳನ್ನು ಮುಂದಿಟ್ಟರು, ಎಂಟಕ್ಕೂ ಬಹುಮತವಿಲ್ಲ. ಎರಡನೆಯ ದಿನ ನಾಲ್ಕು, ನಾಲ್ಕೂ ಬಿದ್ದವು. ಸುಂಕ ಒಕ್ಕೂಟದಲ್ಲಿ ಉಳಿಯುವ ದಾರಿ 273–276ರಲ್ಲಿ, ಮೂರೇ ಮತಗಳಿಂದ ಸೋತಿತು. ಮತ್ತೊಮ್ಮೆ ಜನಮತಗಣನೆಯೇ ಆಗಬೇಕೆಂದು ಕಾದಿದ್ದ ಸಣ್ಣ ಪಕ್ಷಗಳ ಹಲವರು ಅದಕ್ಕೆ ಬೆಂಬಲ ಕೊಡಲಿಲ್ಲ. ಅವರ ಜನಮತಗಣನೆಯ ಸೂಚನೆಯೂ 280–292ರಲ್ಲಿ ಸೋತಿತು. ತನ್ನ ಪಕ್ಷಕ್ಕೆ ರಾಜಿ ಬೇಡವಾಗಿದೆ ಎಂದು ಹೇಳಿ ಕನ್ಸರ್ವೇಟಿವ್ ಸದಸ್ಯ ನಿಕ್ ಬೋಲ್ಸ್ ಸಭೆಯಲ್ಲೇ ಪಕ್ಷವನ್ನು ತೊರೆದು ನಡೆದುಹೋದರು. ಪ್ರತಿಯೊಬ್ಬರೂ ತಮ್ಮ ಮೊದಲ ಆಯ್ಕೆಗಾಗಿ ಎರಡನೆಯ ಆಯ್ಕೆಯನ್ನು ಕೊಂದದ್ದನ್ನು ಆ ರಾತ್ರಿ ಅಂಕಿಗಳಲ್ಲಿಯೇ ಕಾಣಬಹುದಾಗಿತ್ತು. ಆದರೂ ಅವರನ್ನು ಜನದ್ರೋಹಿಗಳೆನ್ನಲು ನನಗೆ ಮನಸ್ಸಾಗುವುದಿಲ್ಲ. ಜನ ಹೇಳದೆ ಬಿಟ್ಟ ಮಾತನ್ನು ತುಂಬುವ ಕೆಲಸ ಅವರ ತಲೆಯ ಮೇಲೆ ಬಿದ್ದಿತ್ತು.

ಆಮೇಲಿನದು ವೇಗವಾಗಿ ನಡೆಯಿತು. ಮೇ ಇಳಿದರು, ಜುಲೈಯಲ್ಲಿ ಜಾನ್ಸನ್ ಬಂದರು, ಐದು ವಾರಗಳ ಕಾಲ ಸಂಸತ್ತನ್ನು ಮುಚ್ಚಿಸಿದರು. ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳು ಒಮ್ಮತದಿಂದ ಅದು ಕಾನೂನುಬಾಹಿರವೆಂದರು. ತಮ್ಮ ವಿರುದ್ಧ ಮತ ಹಾಕಿದ 21 ಮಂದಿ ಸ್ವಪಕ್ಷೀಯರನ್ನು ಜಾನ್ಸನ್ ಸಂಸದೀಯ ಪಕ್ಷದಿಂದ ಹೊರಗಿಟ್ಟರು. ಅವರಲ್ಲಿ ಚರ್ಚಿಲ್ಲರ ಮೊಮ್ಮಗ ನಿಕೋಲಸ್ ಸೋಮ್ಸ್ ಕೂಡ ಇದ್ದರು. ಉತ್ತರ ಐರ್ಲೆಂಡನ್ನು ಉಳಿದ ಬ್ರಿಟನ್ನಿನಿಂದ ಬೇರ್ಪಡಿಸುವ ಐರಿಷ್ ಸಮುದ್ರದಲ್ಲಿ ತಪಾಸಣೆಯ ಗೆರೆ ಎಳೆಯುವುದನ್ನು ಯಾವ ಕನ್ಸರ್ವೇಟಿವ್ ಸರಕಾರವೂ ಒಪ್ಪಬಾರದೆಂದು ಬೆಲ್‌ಫಾಸ್ಟಿನಲ್ಲಿ ಭಾಷಣ ಮಾಡಿದ್ದ ಜಾನ್ಸನ್, ಒಂದು ವರ್ಷದೊಳಗೆ ಅಂಥದೇ ಗೆರೆಗೆ ಒಪ್ಪಿ ಸಹಿ ಮಾಡಿದರು. ಡಿಸೆಂಬರ್ 12ರ ಚುನಾವಣೆಯಲ್ಲಿ 365 ಸ್ಥಾನ ಗೆದ್ದರು. 2020ರ ಜನವರಿ 31ರಂದು ಬ್ರಿಟನ್ ಹೊರಬಂದಿತು.

ಇನ್ನು ಚಿಕ್ಕಪ್ಪನ ಹೋಲಿಕೆಯ ಮಾತು. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದಿತು. ಕೇರಳ ಒಪ್ಪಲಿಲ್ಲ, ಸಂಸತ್ತು ಕಾನೂನು ಮಾಡಲಿಲ್ಲ. ಅದು ಆಯೋಗದ ಶಿಫಾರಸು. ಜನರ ಮತವನ್ನು ಯಾರೂ ಕೇಳಿರಲಿಲ್ಲ. ಅದೇ 1967ರ ಜನವರಿ 16ರಂದು ಗೋವೆಯವರನ್ನು ಕೇಳಿದರು: ಮಹಾರಾಷ್ಟ್ರದಲ್ಲಿ ವಿಲೀನವೇ, ಕೇಂದ್ರಾಡಳಿತವೇ? ಕೇಂದ್ರಾಡಳಿತಕ್ಕೆ 1,72,191, ವಿಲೀನಕ್ಕೆ 1,38,170 ಮತಗಳು. ವಿಲೀನದ ಪರವಾಗಿದ್ದ ದಯಾನಂದ ಬಾಂದೋಡ್ಕರ್ ಮತದಾನಕ್ಕೆ ಮುನ್ನ ಮುಖ್ಯಮಂತ್ರಿ ಪದವಿಯನ್ನು ಬಿಟ್ಟಿದ್ದರು. ಅದರಲ್ಲಿ ಸೋತರು, ಮೂರು ತಿಂಗಳೊಳಗೆ ಚುನಾವಣೆ ಗೆದ್ದು ಪುನಃ ಮುಖ್ಯಮಂತ್ರಿಯಾದರು. ಅಲ್ಲಿ ಬ್ರಿಟನ್ನಿನಂಥ ರಂಪವಾಗಲಿಲ್ಲ. ಏಕೆಂದರೆ ಗೆದ್ದದ್ದು ಇದ್ದಂತೆಯೇ ಇರುವ ದಾರಿ. ಮರುದಿನ ಬೆಳಗ್ಗೆ ಯಾರೂ ಏನನ್ನೂ ಬದಲಿಸಬೇಕಾಗಿರಲಿಲ್ಲ.

ಇದನ್ನೆಲ್ಲ ಮುಂದೊಂದು ವರ್ಷ ವಿಷುವಿನ ಮುಂಚಿನ ಒಂದು ಮಧ್ಯಾಹ್ನ ಚಿಕ್ಕಪ್ಪನಿಗೆ ಹೇಳಿ, "ನಮ್ಮನ್ನು ಕೇಳುವುದಾದರೆ ಪ್ರಶ್ನೆಯನ್ನು ನೀವೇ ಬರೆದುಕೊಡಿ" ಎಂದೆ. ಅವರು ಮದುವೆಯ ಕಾಗದವೊಂದರ ಹಿಂಬದಿಯಲ್ಲಿ, 'ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೇ?' ಎಂದು ದಪ್ಪ ಅಕ್ಷರಗಳಲ್ಲಿ ಬರೆದರು. ಹೊಳೆಯ ದಕ್ಷಿಣದ ಹೊಸದುರ್ಗದವರಿಗೂ ಮತವುಂಟೇ ಎಂದು ಕೇಳಿದೆ. ಸ್ವಲ್ಪ ಯೋಚಿಸಿ 'ಚಂದ್ರಗಿರಿಯ ಉತ್ತರದ' ಎಂದು ಮೇಲೆ ಸೇರಿಸಿದರು. ಉತ್ತರದಲ್ಲಿಯೇ ಇರುವ ಮಲಯಾಳದ ಶಾಲೆಗಳು, ಅಲ್ಲಿನ ಮಾಸ್ತರರ ಕೆಲಸ, ತುಳು, ಕೊಂಕಣಿ, ಬ್ಯಾರಿ, ಮರಾಟಿ ಮಾತಾಡುವವರು, ರೇಷನ್ ಕಾರ್ಡು, ಜಾಗದ ದಾಖಲೆಗಳು ಎಂದು ನಾನು ಒಂದೊಂದಾಗಿ ಹೇಳುತ್ತ ಹೋದೆ. ಅವರು ಒಂದೊಂದಕ್ಕೂ ಕಾಗದದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಏನಾದರೂ ಬರೆದುಕೊಳ್ಳುತ್ತಿದ್ದರು. ಕಾಗದದಲ್ಲಿ ಜಾಗ ಮುಗಿದ ಮೇಲೆ, "ನಿಮ್ಮ ರೈತ ಪಿಂಚಣಿ ಕೇರಳದ್ದಲ್ಲವಾ, ಅದು?" ಎಂದೆ. ಚಿಕ್ಕಪ್ಪ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು ಬಹಳ ಹೊತ್ತು ಅಂಗಳದಲ್ಲಿ ಒಣಹಾಕಿದ್ದ ಅಡಿಕೆಯನ್ನು ನೋಡುತ್ತ ಕುಳಿತರು. ಆಮೇಲೆ, "ಅದೊಂದು ಮಾತ್ರ ಈಗ ಇದ್ದ ಹಾಗೆಯೇ ಇರಲಿ ಎಂದು ಬರೆ ಮಾರಾಯ" ಎಂದು ಕಾಗದವನ್ನು ನನ್ನ ಕಡೆಗೆ ಸರಿಸಿದರು.